ಹೂ ಬಿಟ್ಟಿತು, ಕಾಯಿ ಕಚ್ಚಲಿಲ್ಲ: ಮಂಗಳೂರಿನ ಒಂದು ತಾರಸಿ ತೋಟದ ಬೇಸಿಗೆ

ಹಿನ್ನೆಲೆ

ಮಂಗಳೂರು ನಗರದೊಳಗಿನ ಎರಡಂತಸ್ತಿನ ಮನೆ. ಗುರುತು ಸಿಗದಂತೆ ಬಡಾವಣೆ, ವರ್ಷ, ಮನೆಮಂದಿಯ ವಿವರ ಬಿಟ್ಟಿದೆ. ಸುಮಾರು 600 ಚದರಡಿ ಆರ್‌ಸಿಸಿ ತಾರಸಿಯಲ್ಲಿ ಮೂವತ್ತು ಗ್ರೋ ಬ್ಯಾಗ್‌ಗಳಿದ್ದವು. ಎಲ್ಲವೂ ಕಪ್ಪು ಬಣ್ಣದವು, 12 ಅಂಗುಲ ಅಗಲ, 12 ಅಂಗುಲ ಎತ್ತರ. ಒಂದೊಂದರಲ್ಲಿ ಹದಿನೆಂಟು ಲೀಟರಿನಷ್ಟು ಮಿಶ್ರಣ: ಒಂದು ಪಾಲು ಜಂಬಿಟ್ಟಿಗೆ ಮಣ್ಣು, ಒಂದು ಪಾಲು ಕೋಕೊಪೀಟ್, ಒಂದು ಪಾಲು ಹಟ್ಟಿಗೊಬ್ಬರ. ಚೀಲಗಳು ನೇರವಾಗಿ ಕಾಂಕ್ರೀಟಿನ ಮೇಲೆ ಕುಳಿತಿದ್ದವು. ಪೂರ್ವಕ್ಕೆ ನೀರಿನ ಟ್ಯಾಂಕಿನ ಗೋಡೆ, ಪಶ್ಚಿಮ ಪೂರ್ತಿ ಬಯಲು.

ನೋಡಿಕೊಳ್ಳುವವರು ಇಬ್ಬರು. ಒಬ್ಬರು ಬೆಳಿಗ್ಗೆ ನೀರು ಹಾಕುತ್ತಿದ್ದರು, ಇನ್ನೊಬ್ಬರು ಕೆಲಸ ಮುಗಿಸಿ ಬಂದು ಸಂಜೆ ಹಾಕುತ್ತಿದ್ದರು. ಈ ಏರ್ಪಾಟನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಹಿಂದಿನ ನವೆಂಬರ್–ಡಿಸೆಂಬರಿನಲ್ಲಿ ಇದೇ ತಾರಸಿಯಲ್ಲಿ ಬದನೆ, ಬೀನ್ಸ್, ಕೊತ್ತಂಬರಿ ಚೆನ್ನಾಗಿ ಬಂದಿದ್ದವು. ಆ ಧೈರ್ಯದ ಮೇಲೆ ಜನವರಿ ಎರಡನೇ ವಾರ ನರ್ಸರಿಯಿಂದ ಟೊಮೆಟೊ ಸಸಿ ತಂದು ಹನ್ನೆರಡು ಚೀಲಕ್ಕೆ ನೆಟ್ಟರು. ಆರು ಚೀಲಕ್ಕೆ ಮೆಣಸು, ನಾಲ್ಕಕ್ಕೆ ಬದನೆ, ನಾಲ್ಕಕ್ಕೆ ಬೆಂಡೆ, ಎರಡಕ್ಕೆ ಬಸಳೆ, ಉಳಿದ ಎರಡಕ್ಕೆ ಕೊತ್ತಂಬರಿ. ಅರ್ಧಕ್ಕಿಂತ ಹೆಚ್ಚು ಜಾಗ ಟೊಮೆಟೊ ಮತ್ತು ಅದರ ದಾಯಾದಿಗಳ ಪಾಲಾಯಿತು. ಕರಾವಳಿಯಲ್ಲಿ ಬೇಸಿಗೆಗೆ ಮಾಡುವ ಆಯ್ಕೆ ಇದಲ್ಲ. ಆದರೆ ಟೊಮೆಟೊ ಇಲ್ಲದ ತೋಟ ತೋಟವೇ ಅಲ್ಲ ಎನ್ನುವವರು ಇವರೊಬ್ಬರೇ ಅಲ್ಲ.

ತೊಂದರೆ ಕಾಣಿಸಿಕೊಂಡ ಬಗೆ

ಫೆಬ್ರವರಿ ಮಧ್ಯಕ್ಕೆ ಟೊಮೆಟೊ ಹೂ ಬಿಟ್ಟಿತು. ಮೊದಲ ಗೊಂಚಲಿನಲ್ಲಿ ಗಿಡಕ್ಕೆ ಮೂರು ನಾಲ್ಕು ಕಾಯಿ ಕಚ್ಚಿದವು. ಎರಡನೇ ಗೊಂಚಲಿನಲ್ಲಿ ಒಂದೋ ಎರಡೋ. ಮಾರ್ಚ್ ಮೊದಲ ವಾರದ ನಂತರ ಬಂದ ಗೊಂಚಲುಗಳಲ್ಲಿ ಒಂದೂ ಇಲ್ಲ. ಹೂ ಅರಳುತ್ತಿತ್ತು, ಎರಡು ಮೂರು ದಿನ ನಿಲ್ಲುತ್ತಿತ್ತು, ಆಮೇಲೆ ತೊಟ್ಟಿನ ನಡುವೆ ಇರುವ ಗಂಟು ಹಳದಿಯಾಗಿ ಅಲ್ಲಿಗೇ ಕಳಚಿ ಬೀಳುತ್ತಿತ್ತು. ಬಿದ್ದ ಹೂವನ್ನು ಬಿಡಿಸಿ ನೋಡಿದರೆ ಒಳಗೆ ಕಾಯಿಯ ಮೊಳಕೆ ಸಾಸಿವೆ ಕಾಳಿಗಿಂತ ಚಿಕ್ಕದು, ಬೆಳೆದ ಕುರುಹೇ ಇಲ್ಲ. ಕೀಟ ಕಡಿದ ಗುರುತೂ ಇಲ್ಲ.

ಜೊತೆಗೆ ಇನ್ನೊಂದು ಲಕ್ಷಣ: ಮಧ್ಯಾಹ್ನ ಹನ್ನೆರಡಾದರೆ ಗಿಡಗಳೆಲ್ಲ ಜೋಲು ಬೀಳುತ್ತಿದ್ದವು. ಮೇಲ್ಮಣ್ಣು ಒಣಗಿದಂತೆ ಕಾಣುತ್ತಿತ್ತು. ಹಾಗಾಗಿ ಮಧ್ಯಾಹ್ನವೂ ಒಂದು ಸುತ್ತು ನೀರು ಶುರುವಾಯಿತು. ದಿನಕ್ಕೆ ಮೂರು ಸಲ.

ಈ ಹೊತ್ತಿನಲ್ಲೇ ತಾರಸಿಯ ಒಂದು ಮೂಲೆಯಲ್ಲಿ ನಾಲ್ಕು ಬೆಂಡೆ, ಎರಡು ಬಸಳೆ ಯಾರ ಗಮನವೂ ಇಲ್ಲದೆ ಸೊಂಪಾಗಿದ್ದವು. ಅದೇ ಮಣ್ಣು, ಅದೇ ನೀರು, ಅದೇ ಬಿಸಿಲು. ಪ್ರಕರಣದ ಉತ್ತರ ಅಲ್ಲೇ ನಿಂತಿತ್ತು. ಆದರೆ ಚೆನ್ನಾಗಿರುವ ಗಿಡವನ್ನು ಯಾರೂ ಪರೀಕ್ಷಿಸುವುದಿಲ್ಲ.

ಮೊದಲು ಮಾಡಿದ್ದು

ಮೊದಲ ಮದ್ದು ಗೊಬ್ಬರ. 19:19:19 (ಸಾರಜನಕ, ರಂಜಕ, ಪೊಟ್ಯಾಷ್ ಸಮಪಾಲು) ನೀರಗೊಬ್ಬರವನ್ನು ಲೀಟರಿಗೆ 5 ಗ್ರಾಂನಂತೆ ಕರಗಿಸಿ ವಾರಕ್ಕೆರಡು ಬಾರಿ ಬುಡಕ್ಕೆ ಹಾಕಿದರು. ಐದು ಗ್ರಾಂ ಎಂಬುದು ಎಲೆಗೆ ಸಿಂಪಡಿಸುವಾಗ ಬಳಸುವ ಪ್ರಮಾಣ. ಚೀಲದ ಬುಡಕ್ಕೆ ಲೀಟರಿಗೆ ಒಂದೆರಡು ಗ್ರಾಂ, ವಾರಕ್ಕೆ ಒಮ್ಮೆ ಧಾರಾಳ ಸಾಕು. ಹತ್ತು ದಿನದಲ್ಲಿ ಟೊಮೆಟೊ ಎಲೆ ಕಡುಹಸಿರಾಗಿ ದಪ್ಪಗಾದವು, ಕಂಕುಳ ಚಿಗುರು ಒತ್ತೊತ್ತಾಗಿ ಬಂದವು, ಹೂ ಮಾತ್ರ ಮೊದಲಿನಂತೆಯೇ ಉದುರಿದವು. ಮೆಣಸಿನ ಎಲೆಯಂಚು ಸುಟ್ಟಂತೆ ಕಂದಾಯಿತು.

ಎರಡನೆಯದು ಶೇಡ್ ನೆಟ್. ಶೇ. 75 ನೆರಳಿನ ಹಸಿರು ಬಲೆಯನ್ನು ಐದಡಿ ಎತ್ತರದಲ್ಲಿ ಕಟ್ಟಿ, ಪಶ್ಚಿಮದ ಕಡೆ ನೆಲದವರೆಗೂ ಇಳಿಬಿಟ್ಟರು. ಮಧ್ಯಾಹ್ನದ ಬಿಸಿಲೇನೋ ತಪ್ಪಿತು. ಆದರೆ ಕರಾವಳಿಯಲ್ಲಿ ಪಶ್ಚಿಮದಿಂದ ಬರುವುದು ಬಿಸಿಲೊಂದೇ ಅಲ್ಲ, ಮಧ್ಯಾಹ್ನದ ಕಡಲ ಗಾಳಿಯೂ ಅಲ್ಲಿಂದಲೇ. ಬಲೆ ಅದನ್ನು ತಡೆಯಿತು. ಬಲೆಯೊಳಗೆ ಕಾಲಿಟ್ಟರೆ ಸ್ನಾನದ ಮನೆಯ ಹಬೆ. ಗಿಡಗಳು ಬೆಳಕಿಗಾಗಿ ಉದ್ದುದ್ದ ಸಣಕಲಾದವು, ಬದನೆಯ ಕೆಳ ಎಲೆಗಳಲ್ಲಿ ಕಂದು ಚುಕ್ಕೆ ಶುರುವಾಯಿತು.

ಮೂರನೆಯದು ಸಂಜೆ ಎಲೆಗೆ ನೀರು ಚಿಮುಕಿಸುವುದು. ‘ಗಿಡ ತಂಪಾಗಲಿ’ ಎಂಬ ಉದ್ದೇಶ. ಒಣಹವೆಯ ಬಳ್ಳಾರಿ, ರಾಯಚೂರು ಕಡೆ ಚಿಮುಕಿಸಿದ ನೀರು ಬೇಗ ಆವಿಯಾಗಿ ಎಲೆ ತಣಿಯುತ್ತದೆ. ಮಂಗಳೂರಿನ ತೇವದ ಹವೆಯಲ್ಲಿ ಸಂಜೆ ಐದಕ್ಕೆ ಒದ್ದೆಯಾದ ಎಲೆ ಮರುದಿನ ಬೆಳಿಗ್ಗೆ ಎಂಟರವರೆಗೂ ಆರುವುದಿಲ್ಲ. ಶಿಲೀಂಧ್ರಕ್ಕೆ ಅಷ್ಟು ಹೊತ್ತು ಬೇಕಾದಷ್ಟಾಯಿತು. ಕೊತ್ತಂಬರಿ ಬುಡದಲ್ಲೇ ಕೊಳೆತು ಮಲಗಿತು.

ನಾಲ್ಕನೆಯದು ಹೂ ಉದುರದಂತೆ ಮಾಡುವ ಎನ್‌ಎಎ ಹಾರ್ಮೋನು. ಅಂಗಡಿಯಲ್ಲಿ ಸಿಗುವ ಶೇ. 4.5ರ ದ್ರಾವಣ 1 ಮಿಲಿಯನ್ನು ನಾಲ್ಕೂವರೆ ಲೀಟರ್ ನೀರಿಗೆ ಬೆರೆಸಿದರೆ 10 ಪಿಪಿಎಂ (ಹತ್ತು ಲಕ್ಷ ಪಾಲಿಗೆ ಹತ್ತು ಪಾಲು) ಆಗುತ್ತದೆ. ಇಲ್ಲಿ ಒಂದು ಲೀಟರಿಗೇ 1 ಮಿಲಿ ಹಾಕಿದ್ದರಿಂದ 45 ಪಿಪಿಎಂ ಆಯಿತು. ಎರಡು ದಿನದಲ್ಲಿ ಟೊಮೆಟೊದ ತುದಿ ಎಲೆಗಳು ಕೆಳಮುಖವಾಗಿ ಮುರುಟಿದವು. ಸರಿಯಾದ ಪ್ರಮಾಣ ಹಾಕಿದ್ದರೂ ಪ್ರಯೋಜನ ಅಷ್ಟಕ್ಕಷ್ಟೆ. ಉದುರುವ ತೊಟ್ಟನ್ನು ಹಿಡಿದು ನಿಲ್ಲಿಸಬಹುದು, ಪರಾಗ ಸತ್ತ ಹೂವನ್ನು ನಿಜವಾದ ಕಾಯಿಯಾಗಿಸುವುದು ಅದರ ಕೈಲಾಗದ ಕೆಲಸ.

ಹಗಲಲ್ಲ, ರಾತ್ರಿ

ಮೊದಲ ತಿರುವು ಸಿಕ್ಕಿದ್ದು ಗೊಂಚಲು ಎಣಿಸುವಾಗ. ಕೆಳಗಿನ ಗೊಂಚಲಿನಲ್ಲಿ ಕಾಯಿ ಇದೆ, ಮೇಲಿನದರಲ್ಲಿ ಇಲ್ಲ. ಒಂದೇ ಗಿಡ, ಒಂದೇ ಬೇರು. ಬದಲಾದದ್ದು ದಿನಾಂಕ ಮಾತ್ರ. ಗೊಬ್ಬರದ ಕೊರತೆಯಾಗಿದ್ದರೆ ಎಲೆ ಹಾಗೆ ಉಬ್ಬುತ್ತಿರಲಿಲ್ಲ. ಜೇನು ಬರುತ್ತಿಲ್ಲ ಎಂಬ ಸಂಶಯವೂ ನಿಲ್ಲಲಿಲ್ಲ, ಏಕೆಂದರೆ ಟೊಮೆಟೊ ಹೂವಿಗೆ ತನ್ನ ಪರಾಗವೇ ಸಾಕು, ಗಾಳಿಗೆ ಅಲುಗಿದರೂ ಉದುರುತ್ತದೆ.

ಟೊಮೆಟೊದ ಪರಾಗ ತಯಾರಾಗುವುದು ಹೂ ಅರಳುವ ದಿನವಲ್ಲ, ಅದಕ್ಕೂ ಎಂಟರಿಂದ ಹದಿಮೂರು ದಿನ ಮೊದಲು, ಮೊಗ್ಗು ಇನ್ನೂ ಕಾಳಿನಷ್ಟಿರುವಾಗ. ಆ ದಿನಗಳಲ್ಲಿ ಹಗಲು 32–35 ಡಿಗ್ರಿ ದಾಟಿ, ರಾತ್ರಿ 21–24 ಡಿಗ್ರಿಗಿಂತ ಕೆಳಗಿಳಿಯದಿದ್ದರೆ ಪರಾಗ ಜೊಳ್ಳಾಗುತ್ತದೆ. ಮಂಗಳೂರಿನಲ್ಲಿ ಜನವರಿ ರಾತ್ರಿ 21 ಡಿಗ್ರಿಯ ಸುತ್ತಮುತ್ತ. ಮಾರ್ಚಿಗೆ ಅದು 24ರ ಹತ್ತಿರ, ಏಪ್ರಿಲ್–ಮೇನಲ್ಲಿ 25–26. ಹಗಲಿನ ಉಷ್ಣತೆ ಮಾತ್ರ ಜನವರಿಯಿಂದ ಮೇವರೆಗೆ 33ರ ಆಸುಪಾಸಿನಲ್ಲೇ ಇರುತ್ತದೆ. ಕರಾವಳಿಯಲ್ಲಿ ಬೇಸಿಗೆ ಬಂತು ಎಂದರೆ ಹಗಲು ವಿಪರೀತ ಬಿಸಿಯಾಯಿತು ಎಂದಲ್ಲ, ರಾತ್ರಿ ತಣಿಯುವುದು ನಿಂತಿತು ಎಂದು. ಕೋಲಾರದ ಟೊಮೆಟೊ ಗದ್ದೆಯಲ್ಲಿ ಏಪ್ರಿಲ್ ಹಗಲು ಇಲ್ಲಿಗಿಂತ ಬಿಸಿ ಇದ್ದರೂ ರಾತ್ರಿ ಗಿಡಕ್ಕೆ ಬಿಡುವು ಸಿಗುತ್ತದೆ. ಇಲ್ಲಿ ಸಿಗುವುದಿಲ್ಲ. ಬಿಸಿ ರಾತ್ರಿಯಲ್ಲಿ ಗಿಡ ಹಗಲು ಮಾಡಿಟ್ಟ ಸಕ್ಕರೆಯನ್ನು ಉಸಿರಾಟಕ್ಕೇ ಖರ್ಚು ಮಾಡುತ್ತದೆ, ಹೂ ಕಾಯಿಗಳ ಪಾಲು ಕಡಿಮೆಯಾಗುತ್ತದೆ.

ತೇವಾಂಶದ ಕಾಟ ಇದರ ಮೇಲೆ ಬೇರೆ. ಹವೆ ತೀರಾ ತೇವವಾದಾಗ ಬದುಕಿರುವ ಪರಾಗವೂ ಅಂಟಂಟಾಗಿ ಗಂಟುಕಟ್ಟಿ ಕೇಸರದಿಂದ ಉದುರುವುದಿಲ್ಲ. ಹೂವನ್ನು ಬೆಳಿಗ್ಗೆ ಒಂಬತ್ತರ ಮೇಲೆ, ಇಬ್ಬನಿ ಆರಿದ ಬಳಿಕ ತಟ್ಟಿದರೆ ಈ ಎರಡನೇ ತೊಂದರೆಗೆ ಸ್ವಲ್ಪ ಪರಿಹಾರ ಸಿಗುತ್ತದೆ. ಮೊದಲನೆಯದಕ್ಕೆ ಸಿಗದು.

ಇದರ ಅರ್ಥ ನೇರವಾಗಿತ್ತು. ಶೇಡ್ ನೆಟ್ ಹಗಲನ್ನು ತಂಪು ಮಾಡಬಹುದು, ರಾತ್ರಿಯನ್ನು ಮಾಡಲಾರದು. ಮೂವತ್ತು ಚೀಲದ ತಾರಸಿಯಲ್ಲಿ ರಾತ್ರಿಯ ಉಷ್ಣತೆ ಇಳಿಸುವ ಉಪಾಯ ಯಾವುದೂ ಇಲ್ಲ. ಟೊಮೆಟೊವನ್ನು ಉಳಿಸಿಕೊಳ್ಳುವ ಪ್ರಯತ್ನ ಅಲ್ಲಿಗೇ ನಿಲ್ಲಬೇಕಿತ್ತು. ಮನೆಯವರು ಇನ್ನೊಂದು ವಾರ ಎಳೆದರು, ಗಿಡ ಅಷ್ಟು ಹಸಿರಾಗಿರುವಾಗ ಕೀಳಲು ಮನಸ್ಸು ಬಾರದು.

ಗಾಜಿನ ಲೋಟದ ಪರೀಕ್ಷೆ

ಆ ವಾರದಲ್ಲೇ ಎರಡು ಟೊಮೆಟೊ, ಒಂದು ಬದನೆ ರಾತ್ರೋರಾತ್ರಿ ಸೊರಗಿದವು. ಎಲೆ ಹಳದಿಯಾಗಲಿಲ್ಲ, ಒಣಗಲಿಲ್ಲ, ಹಸಿರಾಗಿಯೇ ಜೋಲು ಬಿದ್ದವು. ಹಿಂದೆ ಮಧ್ಯಾಹ್ನ ಜೋತವು ಸಂಜೆಗೆ ಎದ್ದು ನಿಲ್ಲುತ್ತಿದ್ದವು. ಇವು ಬೆಳಿಗ್ಗೆ ಆರಕ್ಕೂ ಏಳಲಿಲ್ಲ. ಗೊತ್ತು ಮಾಡಿಕೊಳ್ಳಬೇಕಾದ ವ್ಯತ್ಯಾಸ ಇದೇ: ಸಂಜೆಗೆ ಎದ್ದರೆ ಅದು ಬಿಸಿಲಿನ ಬಾಡು, ಮುಂಜಾನೆಗೂ ಏಳದಿದ್ದರೆ ಬೇರಿನದೋ ಕಾಂಡದ್ದೋ ರೋಗ.

ಬುಡದಿಂದ ಎರಡಂಗುಲ ಮೇಲೆ ಕಾಂಡ ಕತ್ತರಿಸಿ, ಐದಾರು ಸೆಂಟಿಮೀಟರಿನ ತುಂಡನ್ನು ಗಾಜಿನ ಲೋಟದ ತಿಳಿನೀರಿನಲ್ಲಿ ತುದಿ ಮಾತ್ರ ಮುಳುಗುವಂತೆ ನೂಲಿನಿಂದ ಇಳಿಬಿಡಲಾಯಿತು. ಲೋಟ ಅಲುಗಾಡಬಾರದು, ಹಿಂದೆ ಕಪ್ಪು ಬಟ್ಟೆ ಇದ್ದರೆ ಚೆನ್ನಾಗಿ ಕಾಣುತ್ತದೆ. ಕೆಲವೇ ನಿಮಿಷದಲ್ಲಿ ಕತ್ತರಿಸಿದ ತುದಿಯಿಂದ ಹಾಲಿನಂಥ ಬಿಳಿ ಎಳೆಗಳು ನೇರ ಕೆಳಕ್ಕೆ ಇಳಿಯತೊಡಗಿದವು. ಇದು ದುಂಡಾಣು ಸೊರಗು ರೋಗ, ರಾಲ್‌ಸ್ಟೋನಿಯ ಸೊಲನೇಸಿಯೇರಮ್ ಎಂಬ ಬ್ಯಾಕ್ಟೀರಿಯಾದ ಕೆಲಸ. ಕಾಂಡದಲ್ಲಿ ನೀರು ಏರುವ ನಾಳಗಳೊಳಗೆ ಬೆಳೆದು ನೀರಿನ ದಾರಿಯನ್ನು ಮುಚ್ಚುತ್ತದೆ. ಟೊಮೆಟೊ, ಬದನೆ, ಮೆಣಸು, ಆಲೂಗಡ್ಡೆ ಎಲ್ಲಕ್ಕೂ ಬರುತ್ತದೆ. 30–35 ಡಿಗ್ರಿ ಬಿಸಿ, ಹುಳಿ (ಆಮ್ಲೀಯ) ಮಣ್ಣು, ಸದಾ ಹಸಿ ಇವು ಅದಕ್ಕೆ ಹೇಳಿ ಮಾಡಿಸಿದ ವಾತಾವರಣ. ಕರಾವಳಿಯ ಜಂಬಿಟ್ಟಿಗೆ ಮಣ್ಣು ಸಹಜವಾಗಿಯೇ ಹುಳಿ, ಉಳಿದ ಎರಡನ್ನು ಹವಾಮಾನ ಮತ್ತು ದಿನಕ್ಕೆ ಮೂರು ಸಲದ ನೀರು ಒದಗಿಸಿದ್ದವು.

ಇದಕ್ಕೆ ಗಿಡದಲ್ಲಿರುವಾಗ ಮದ್ದಿಲ್ಲ. ರೋಗ ಬಂದ ಚೀಲದಿಂದ ಹೊರಬಿದ್ದ ನೀರು, ಕತ್ತರಿ, ಕೈಗುದ್ದಲಿ ಇವುಗಳಿಂದಲೇ ಪಕ್ಕದ ಚೀಲಕ್ಕೆ ಹೋಗುತ್ತದೆ. ತಾರಸಿಯ ಇಳಿಜಾರು ಗಮನಿಸಿದಾಗ ಕಂಡದ್ದು: ಸೊರಗಿದ ಮೂರೂ ಗಿಡಗಳು ನೀರು ಹರಿದುಹೋಗುವ ಒಂದೇ ಸಾಲಿನಲ್ಲಿದ್ದವು.

ಮಾರ್ಚ್ ಕೊನೆಯ ವಾರ ಟೊಮೆಟೊ ಹನ್ನೆರಡೂ ಚೀಲ, ಬದನೆ ನಾಲ್ಕೂ ಚೀಲ ಖಾಲಿಯಾದವು. ಗಿಡಗಳನ್ನು ಕಾಂಪೋಸ್ಟ್ ಗುಂಡಿಗೆ ಹಾಕದೆ ಒಣಗಿಸಿ ಸುಟ್ಟರು. ಮೆಣಸು ಇನ್ನೊಂದು ಸಾಲಿನಲ್ಲಿದ್ದುದರಿಂದ ಬಿಟ್ಟುಕೊಂಡರು.

ಚೀಲದೊಳಗೆ ಏನಿತ್ತು

ಖಾಲಿ ಮಾಡುವಾಗ ಸಿಕ್ಕ ಸಾಕ್ಷ್ಯ ಹೂವಿನದಕ್ಕಿಂತ ದೊಡ್ಡದು. ಚೀಲದ ಮೇಲಿನ ಎರಡಂಗುಲ ಒಣ, ನಡುವೆ ಹದ, ಕೆಳಗಿನ ನಾಲ್ಕಂಗುಲ ಕಪ್ಪು ಕೆಸರು, ಕೊಳೆತ ಮೊಟ್ಟೆಯ ನಾತ. ತಳದ ತೂತುಗಳು ಕಾಂಕ್ರೀಟಿಗೆ ಒತ್ತಿ ಮುಚ್ಚಿಹೋಗಿದ್ದವು. ಕೋಕೊಪೀಟಿನ ಸ್ವಭಾವವೇ ಇದು: ಮೇಲೆ ಬೇಗ ಒಣಗಿ ಬಣ್ಣ ತಿಳಿಯಾಗುತ್ತದೆ, ಒಳಗೆ ನೀರು ಹಿಡಿದಿಟ್ಟಿರುತ್ತದೆ. ಮೇಲ್ಮಣ್ಣು ನೋಡಿ ನೀರು ಹಾಕುವವರಿಗೆ ಅದು ಪ್ರತಿ ಸಲವೂ ಸುಳ್ಳು ಹೇಳುತ್ತದೆ.

ಹಾಗಾದರೆ ಮಧ್ಯಾಹ್ನ ಗಿಡ ಬಾಡಿದ್ದೇಕೆ? ಅಡುಗೆಮನೆಯ ಕಡ್ಡಿ ಥರ್ಮಾಮೀಟರನ್ನು ಪಶ್ಚಿಮ ಅಂಚಿನ ಚೀಲದ ಪಕ್ಕದಿಂದ ಎರಡಂಗುಲ ಒಳಗೆ ಚುಚ್ಚಿ ಮಧ್ಯಾಹ್ನ ಮೂರಕ್ಕೆ ನೋಡಿದಾಗ 44 ಡಿಗ್ರಿ ತೋರಿಸಿತು. ಅದೇ ಹೊತ್ತಿನಲ್ಲಿ ನೆರಳಿನ ಗಾಳಿ 34. ಬೇರುಗಳು 35 ಡಿಗ್ರಿ ಮೇಲೆ ಸರಿಯಾಗಿ ನೀರು ಎಳೆಯಲಾರವು. ಚೀಲದ ಅಂಚಿಗೆ ತಾಗಿದ ಬೇರುಗಳು ಕಂದಾಗಿ ಸತ್ತಿದ್ದವು, ತಳದವು ಕೊಳೆತಿದ್ದವು. ಬದುಕಿದ್ದದ್ದು ನಡುವಿನ ಒಂದು ಮುಷ್ಟಿ ಬೇರು. ಹನ್ನೆರಡು ಅಂಗುಲದ ಚೀಲದಲ್ಲಿ ಗಿಡ ನಾಲ್ಕಂಗುಲದ ಕುಂಡದಲ್ಲಿದ್ದಂತೆ ಬದುಕುತ್ತಿತ್ತು. ಸುತ್ತಲೂ ನೀರಿದ್ದು ಕುಡಿಯಲಾಗದ ಸ್ಥಿತಿ.

ಇನ್ನೂ ಒಂದು ಸಣ್ಣ ಸಂಗತಿ, ಆದರೆ ಅನೇಕ ತಾರಸಿಗಳಲ್ಲಿ ಕಾಣುವುದು. ಮಧ್ಯಾಹ್ನದ ನೀರು ಬರುತ್ತಿದ್ದುದು ಬಿಸಿಲಲ್ಲಿ ಬಿದ್ದಿದ್ದ ಪೈಪಿನಿಂದ. ಮೊದಲ ನಾಲ್ಕೈದು ಲೀಟರ್ ಕೈ ಸುಡುವಷ್ಟು ಬಿಸಿ. ಯಾವಾಗಲೂ ಪೈಪಿನ ಹತ್ತಿರದ ಚೀಲದಿಂದಲೇ ಶುರುಮಾಡುತ್ತಿದ್ದರು, ಹಾಗಾಗಿ ಆ ಬಿಸಿನೀರು ದಿನವೂ ಅದೇ ಎರಡು ಗಿಡಗಳ ಪಾಲಿಗೆ ಹೋಗುತ್ತಿತ್ತು.

ಮೆಣಸಿನ ಎಲೆಯಂಚು ಸುಟ್ಟದ್ದಕ್ಕೆ ಕಾರಣವನ್ನು ಕುಡಿಯುವ ನೀರಿನಲ್ಲಿ ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್ ತೋರಿಸಿತು. ನಲ್ಲಿ ನೀರು 90 ಪಿಪಿಎಂ, ಮೆಣಸಿನ ಚೀಲದ ತಳದಿಂದ ಸೋರಿದ್ದು 1,800. ಗೊಬ್ಬರದ ಉಪ್ಪು ಕೂತಿತ್ತು. ಒಂದೊಂದು ಚೀಲಕ್ಕೆ ಇಪ್ಪತ್ತು ಲೀಟರ್ ನೀರನ್ನು ಬೆಳಿಗ್ಗೆ ನಿಧಾನವಾಗಿ ಹರಿಸಿ ತೊಳೆದರು, ಒಂದು ತಿಂಗಳು ರಸಗೊಬ್ಬರ ನಿಲ್ಲಿಸಿದರು. (ನೇತ್ರಾವತಿ, ಗುರುಪುರ ನದಿಗಳ ಅಳಿವೆಯ ಹತ್ತಿರ ಬಾವಿನೀರು ಬಳಸುವ ಮನೆಗಳಲ್ಲಿ ಈ ಲಕ್ಷಣ ಗೊಬ್ಬರ ಹಾಕದೆಯೂ ಬರಬಹುದು. ಏಪ್ರಿಲ್–ಮೇನಲ್ಲಿ ಉಪ್ಪುನೀರು ಮೇಲೇರುತ್ತದೆ, ಬಾವಿಯನ್ನು ಆಗಾಗ ಅಳೆದು ನೋಡುವುದು ಒಳ್ಳೆಯದು.)

ಜೋಡಣೆ ಬದಲಾಯಿತು

ಎರಡು ನಿರ್ಧಾರ ಒಟ್ಟಿಗೆ ಬಂದವು: ಚೀಲಗಳನ್ನು ತಂಪು ಮಾಡುವುದು, ರಾತ್ರಿ ಬಿಸಿಗೆ ಅಂಜದ ಬೆಳೆಗೆ ಹೋಗುವುದು.

ಚೀಲಗಳನ್ನು ಎರಡೆರಡು ಕೆಂಪುಕಲ್ಲಿನ ತುಂಡುಗಳ ಮೇಲೆ, ತೂತು ಕಲ್ಲುಗಳ ನಡುವಿನ ಸಂದಿಗೆ ಬರುವಂತೆ ಎತ್ತಿಟ್ಟರು. ತಳದಿಂದ ಒಂದಂಗುಲ ಮೇಲೆ ಪಕ್ಕದಲ್ಲೂ ಆರು ತೂತು ಕೊರೆದರು. ಒದ್ದೆ ಚೀಲ ಒಂದೊಂದು ಇಪ್ಪತ್ತು ಕೆ.ಜಿ. ಮೀರುತ್ತದೆ, ಆದ್ದರಿಂದ ಮೂವತ್ತನ್ನೂ ತಾರಸಿಯ ನಡುವೆ ಗುಂಪು ಹಾಕದೆ ಗೋಡೆ ಮತ್ತು ತೊಲೆಗಳ ನೇರಕ್ಕೆ ಹರಡಿದರು. ಚೀಲದ ಸುತ್ತ ಅಡಿಕೆ ಹಾಳೆ ಸುತ್ತಿ ಬಾಳೆನಾರಿನಿಂದ ಕಟ್ಟಿದರು. ಹಾಳೆ ಮತ್ತು ಚೀಲದ ನಡುವೆ ಬೆರಳು ತೂರುವಷ್ಟು ಗಾಳಿ ಇರಬೇಕು, ಬಿಗಿದು ಕಟ್ಟಿದರೆ ಲಾಭ ಅರ್ಧ. ಪಶ್ಚಿಮದ ಸಾಲಿಗೆ ಹೆಣೆದ ತೆಂಗಿನ ಮಡಲನ್ನು ಎರಡಡಿ ಎತ್ತರಕ್ಕೆ ಆನಿಸಿ ನಿಲ್ಲಿಸಿದರು: ಚೀಲಕ್ಕೆ ನೆರಳು, ಅದರ ಮೇಲೆ ಗಾಳಿಗೆ ದಾರಿ. ಮಣ್ಣಿನ ಮೇಲೆ ಎರಡಂಗುಲ ಒಣ ತರಗೆಲೆ, ಕಾಂಡಕ್ಕೆ ತಾಗದಂತೆ. ಮುಂದಿನ ವಾರ ಅದೇ ಥರ್ಮಾಮೀಟರ್ ಅದೇ ಹೊತ್ತಿಗೆ 36 ತೋರಿಸಿತು. ಖರ್ಚು ಏನೂ ಇಲ್ಲ ಎನ್ನುವಷ್ಟು. ಇಡೀ ಪ್ರಕರಣದಲ್ಲಿ ಅತ್ಯಂತ ಹೆಚ್ಚು ಫಲ ಕೊಟ್ಟ ಕೆಲಸ ಇದೇ ಎಂದು ಹೇಳಬಹುದು.

ಶೇ. 75ರ ಬಲೆ ಇಳಿಯಿತು. ಅದರ ಬದಲು ಶೇ. 35ರದ್ದನ್ನು ಎಂಟಡಿ ಎತ್ತರದಲ್ಲಿ, ನೆತ್ತಿಯ ಮೇಲೆ ಮಾತ್ರ ಕಟ್ಟಿದರು. ಪಶ್ಚಿಮಕ್ಕೆ ಬಲೆ ಇಲ್ಲ. ಅಲ್ಲಿ ನೈಲಾನ್ ಹಗ್ಗದ ಚಪ್ಪರ ಕಟ್ಟಿ ಅಲಸಂಡೆ, ಹೀರೆ ಹಬ್ಬಿಸಿದರು. ಬಿಸಿಲು ತಡೆದು ಗಾಳಿ ಬಿಡುವ ಪರದೆ ಬಳ್ಳಿಯದ್ದೇ.

ನೀರು ಬೆಳಿಗ್ಗೆ ಆರೂವರೆಯಿಂದ ಏಳೂವರೆಯೊಳಗೆ ಒಮ್ಮೆ. ಅದಕ್ಕೆ ಒಬ್ಬರೇ ಜವಾಬ್ದಾರಿ. ಇಬ್ಬರು ಒಬ್ಬರಿಗೊಬ್ಬರು ಗೊತ್ತಿಲ್ಲದೆ ಹಾಕುತ್ತಿದ್ದ ನೀರೇ ಅರ್ಧ ತೊಂದರೆಗೆ ಮೂಲವಾಗಿತ್ತು. ಹಾಕುವ ಮೊದಲು ಒಣಗಿದ ತೆಂಗಿನ ಗರಿಯ ಕಡ್ಡಿಯನ್ನು ಆರಂಗುಲ ಆಳಕ್ಕೆ ಚುಚ್ಚಿ ಎಳೆಯಬೇಕು. ಒದ್ದೆ ಕೋಕೊಪೀಟ್ ಅಂಟಿ ಬಂದರೆ ಆ ದಿನ ಬೇಡ. ಬೆಳೆದ ಬೆಂಡೆ ಗಿಡಕ್ಕೆ ಏಪ್ರಿಲಿನಲ್ಲಿ ದಿನಕ್ಕೆ ಒಂದೂವರೆಯಿಂದ ಎರಡು ಲೀಟರ್ ಹಿಡಿಯಿತು, ಎಳೆ ಗಿಡಕ್ಕೆ ಅರ್ಧ ಲೀಟರ್. ಪೈಪಿನ ಮೊದಲ ಬಿಸಿನೀರು ಬಕೆಟಿಗೆ. ತುಂಬೆ ಅಣೆಕಟ್ಟಿನಲ್ಲಿ ನೀರು ಇಳಿದು ನಗರಕ್ಕೆ ದಿನ ಬಿಟ್ಟು ದಿನ ನೀರು ಬಿಡುವ ವರ್ಷಗಳಲ್ಲಿ ಈ ಲೆಕ್ಕಕ್ಕೆ ಬೆಲೆ ಹೆಚ್ಚು.

ಬೆಳೆ ಮತ್ತು ಫಲ

ಕರಾವಳಿಯಲ್ಲಿ ಸುಗ್ಗಿ ಬೆಳೆ ಕೊಯ್ದ ಮಜಲು (ನಡು ಎತ್ತರದ) ಗದ್ದೆಗಳಲ್ಲಿ ಬೇಸಿಗೆಗೆ ಹಾಕುತ್ತಿದ್ದದ್ದೇನು ಎಂದು ಹಳಬರನ್ನು ಕೇಳಿದರೆ ಸೌತೆ, ಹರಿವೆ, ಬೆಂಡೆ, ಅಲಸಂಡೆ, ಹೀರೆ, ಕುಂಬಳ ಎನ್ನುತ್ತಾರೆ. ಟೊಮೆಟೊ ಆ ಪಟ್ಟಿಯಲ್ಲಿಲ್ಲ. ತಾರಸಿಯ ಪಟ್ಟಿಯೂ ಕೊನೆಗೆ ಅದರ ಹತ್ತಿರಕ್ಕೇ ಬಂತು.

ಏಪ್ರಿಲ್ ಮೊದಲ ವಾರ ಹರಿವೆ ಚೆಲ್ಲಿದರು. ಬೀಜ ತೀರಾ ಸಣ್ಣದು, ಒಂದು ಚಮಚಕ್ಕೆ ಒಂದು ಲೋಟ ಒಣ ಮರಳು ಬೆರೆಸಿದರೆ ಸಮನಾಗಿ ಬೀಳುತ್ತದೆ. ಕೆಂಪು, ಹಸಿರು ಎರಡನ್ನೂ ಬೆರೆಸಿದರು. ತೇವದ ಹವೆಯಲ್ಲಿ ಕೆಂಪು ಹರಿವೆಗೆ ಎಲೆಚುಕ್ಕೆ ಬೇಗ ಹತ್ತುತ್ತದೆ, ನಡುವೆ ಹಸಿರು ಇದ್ದರೆ ಹರಡುವಿಕೆ ನಿಧಾನ. ನೀರನ್ನು ಎಲೆಯ ಮೇಲೆ ಸುರಿಯದೆ ಚೀಲದ ಅಂಚಿನಿಂದ ಕೊಟ್ಟರು. ಬಿಸು (ಏಪ್ರಿಲ್ ಮಧ್ಯದ ತುಳು ಹೊಸವರ್ಷ) ಕಳೆದು ಎರಡು ವಾರಕ್ಕೆ ಮೊದಲ ಕಟ್ಟು ಸೊಪ್ಪು ಸಿಕ್ಕಿತು.

ಬೆಂಡೆ ಎಂಟು ಚೀಲಕ್ಕೆ ಏರಿತು. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ಅನಾಮಿಕಾ ಬೀಜವನ್ನು ರಾತ್ರಿ ನೆನೆಸಿ, ಒಂದಂಗುಲ ಆಳಕ್ಕೆ ಎರಡೆರಡು ಊರಿ, ನಂತರ ಒಂದನ್ನು ಉಳಿಸಿದರು. ಬೆಂಡೆಗೆ ರಾತ್ರಿ 26 ಡಿಗ್ರಿ ಕಷ್ಟವೇ ಅಲ್ಲ. ಮೇ ಮೂರನೇ ವಾರದಿಂದ ದಿನ ಬಿಟ್ಟು ದಿನ ಕೊಯ್ಲು. ಹೂ ಬಿದ್ದ ಐದಾರು ದಿನಕ್ಕೆ ಕೊಯ್ಯದಿದ್ದರೆ ನಾರಾಗುತ್ತದೆ, ಗಿಡ ಮುಂದಿನ ಹೂ ಬಿಡುವುದನ್ನೂ ತಡಮಾಡುತ್ತದೆ. ಮೊದಲಿನಿಂದಲೂ ಇದ್ದ ನಾಲ್ಕು ಗಿಡಗಳು, ಬೇರು ತಂಪಾದ ಮೇಲೆ, ಏಪ್ರಿಲ್ ಪೂರ್ತಿ ಮನೆಗೆ ಸಾಕಾಗುವಷ್ಟು ಕೊಟ್ಟವು.

ಅಲಸಂಡೆ ಚಪ್ಪರಕ್ಕೆ ಬೇಗ ಹಬ್ಬಿತು, ಕರಿಹೇನೂ ಅಷ್ಟೇ ಬೇಗ ಬಂತು. ಹೇನಿಗಿಂತ ಮೊದಲು ಗಮನಿಸಬೇಕಾದದ್ದು ಕಾಂಡ ಹತ್ತುವ ಇರುವೆ ಸಾಲು. ಇರುವೆಗಳು ಹೇನಿನ ಸಿಹಿರಸಕ್ಕಾಗಿ ಅದನ್ನು ಕಾಯುತ್ತವೆ. ತುದಿ ಚಿಗುರಿನ ಹೇನನ್ನು ಬೆಳಿಗ್ಗೆ ನೀರಿನ ಚಿಮ್ಮಿಗೆಯಿಂದ ಉದುರಿಸಿ, ವಾರಕ್ಕೊಮ್ಮೆ ಸಂಜೆ ಬೇವಿನ ಸಾಬೂನು ಲೀಟರಿಗೆ 6 ಗ್ರಾಂ ಕರಗಿಸಿ ಎಲೆಯ ಅಡಿಗೆ ಸಿಂಪಡಿಸಿದರು. ಮಧ್ಯಾಹ್ನದ ಬಿಸಿಲಿಗೆ ಸಾಬೂನು ಹೊಡೆದರೆ ಎಳೆ ಎಲೆ ಸುಡುತ್ತದೆ.

ಹೀರೆಯಲ್ಲಿ ಮತ್ತೆ ‘ಹೂ ಇದೆ, ಕಾಯಿ ಇಲ್ಲ’ ಎಂಬ ದೂರು ಬಂತು. ಹಳೆಯ ತೊಂದರೆಯೇ ಮರಳಿತೆಂದು ಮನೆಯವರು ಗಾಬರಿಯಾದರು. ಕಾರಣ ಬೇರೆಯಿತ್ತು. ಮೊದಲೆರಡು ವಾರ ಬಂದವೆಲ್ಲ ಗಂಡು ಹೂ, ಇದು ಹೀರೆಯ ಕ್ರಮ, ಬಿಸಿ ಹೆಚ್ಚಾದಷ್ಟೂ ಗಂಡು ಹೂವಿನ ಪಾಲು ಹೆಚ್ಚು. ಹೆಣ್ಣು ಹೂ ಬಂದ ಮೇಲೂ ಎಳೆಮಿಡಿ ಹಳದಿಯಾಗಿ ಉದುರಿತು, ಏಕೆಂದರೆ ಕೈಯಿಂದ ಪರಾಗ ಮುಟ್ಟಿಸಲು ಹೋಗುತ್ತಿದ್ದುದು ಬೆಳಿಗ್ಗೆ ಎಂಟಕ್ಕೆ. ಹೀರೆಯ ಹೂ ಅರಳುವುದು ಸಂಜೆ. ಐದೂವರೆ ಆರರ ಹೊತ್ತಿಗೆ ಬಳ್ಳಿಯ ಮುಂದೆ ನಿಂತರೆ ಮಡಿಚಿದ್ದ ಹಳದಿ ದಳಗಳು ಬಿಚ್ಚಿಕೊಳ್ಳುವುದು ಕಾಣುತ್ತದೆ. ಆಗ ಗಂಡು ಹೂ ಕಿತ್ತು, ದಳ ಹಿಂದಕ್ಕೆ ಮಡಚಿ, ಪುಡಿ ಕೈಗೆ ಅಂಟುತ್ತಿದೆಯೇ ನೋಡಿ, ಮಿಡಿ ಹೊತ್ತ ಹೆಣ್ಣು ಹೂವಿನ ನಡುವೆ ಮೆಲ್ಲಗೆ ಸವರಬೇಕು. ಒಂದು ಗಂಡು ಹೂವಿನಿಂದ ಎರಡು ಮೂರು ಹೆಣ್ಣು ಹೂವಿಗೆ ಸಾಕು. ಸಮಯ ಬದಲಿಸಿದ ಮೇಲೆ ಕಾಯಿ ನಿಂತವು. ಹಾಗಲಕ್ಕೆ ಇದು ತದ್ವಿರುದ್ಧ, ಅದು ಮುಂಜಾನೆಯ ಹೂ.

ನಿಂತ ಕಾಯಿಗೆ ಹಣ್ಣುನೊಣ. ವಾಸನೆಯಿಂದ ನೊಣ ಸೆಳೆಯುವ ಕ್ಯೂ-ಲ್ಯೂರ್ ಬಲೆಯೊಂದನ್ನು ಚಪ್ಪರದಿಂದ ಸ್ವಲ್ಪ ದೂರ ನೇತುಹಾಕಿದರು. ಅದು ಗಂಡು ನೊಣಗಳನ್ನಷ್ಟೇ ಹಿಡಿಯುತ್ತದೆ, ಆದ್ದರಿಂದ ಬೆರಳುದ್ದದ ಮಿಡಿಗೆ ಪತ್ರಿಕೆಯ ಕಾಗದದ ಕೊಳವೆಯನ್ನೂ ತೊಡಿಸಿದರು. ಚುಚ್ಚಿದ ಕಾಯಿಗಳನ್ನು ತಾರಸಿಯಲ್ಲೇ ಬಿಸಾಡದೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಬಿಸಿಲಿಗಿಟ್ಟರು.

ಉಳಿದ ಮಣ್ಣು, ಉಳಿದ ಮೆಣಸು

ರೋಗದ ಹದಿನಾರು ಚೀಲದ ಮಣ್ಣಿನ ವಿಷಯದಲ್ಲಿ ಮನೆಯಲ್ಲಿ ಭಿನ್ನಾಭಿಪ್ರಾಯವಿತ್ತು. ಎಸೆಯುವುದೇ, ಬಳಸುವುದೇ? ಒಂದಿಷ್ಟನ್ನು ಹಳೆಯ ಪದ್ಧತಿಯಂತೆ ತರಗೆಲೆ, ಒಣ ಕಸದೊಂದಿಗೆ ಪದರ ಪದರವಾಗಿ ಒಟ್ಟಿ ಸುಡುಮಣ್ಣು ಮಾಡುವ ಆಲೋಚನೆ ಬಂತು. ನಗರದ ಮನೆಗಳ ನಡುವೆ ಅಷ್ಟು ಹೊಗೆ ಸಾಧ್ಯವಿರಲಿಲ್ಲ. ಕೊನೆಗೆ ಬಿಸಿಲನ್ನೇ ಬಳಸಿದರು. ಮಣ್ಣನ್ನು ಆರಂಗುಲ ದಪ್ಪಕ್ಕೆ ಹರಡಿ, ಚೆನ್ನಾಗಿ ಒದ್ದೆ ಮಾಡಿ, 100 ಗೇಜಿನ ಪಾರದರ್ಶಕ ಪಾಲಿಥೀನ್ ಹೊದೆಸಿ, ಅಂಚಿಗೆಲ್ಲ ಕಲ್ಲು ಹೇರಿ ಏಪ್ರಿಲ್ ಮೊದಲ ವಾರದಿಂದ ಆರು ವಾರ ಬಿಟ್ಟರು. ಕಪ್ಪು ಹಾಳೆ ಇದಕ್ಕಾಗದು, ಅದು ತಾನು ಬಿಸಿಯಾಗುತ್ತದೆ, ಮಣ್ಣಿಗೆ ಬಿಸಿಲು ಬಿಡುವುದಿಲ್ಲ. ಒಣ ಮಣ್ಣಿಗೂ ಆಗದು, ತೇವವಿದ್ದರೇ ಬಿಸಿ ಆಳಕ್ಕಿಳಿಯುತ್ತದೆ. ಆಮೇಲೆ ಮಣ್ಣಿನ ಹುಳಿ ಇಳಿಸಲು ಚೀಲಕ್ಕೆ 40 ಗ್ರಾಂನಷ್ಟು ಡಾಲಮೈಟ್ ಸುಣ್ಣ ಬೆರೆಸಿ, ಎರಡು ವಾರ ಬಿಟ್ಟು ಗೊಬ್ಬರ ಸೇರಿಸಿದರು. ಸುಣ್ಣ, ಗೊಬ್ಬರ ಒಟ್ಟಿಗೆ ಹಾಕಿದರೆ ಸಾರಜನಕ ಅಮೋನಿಯಾ ಆಗಿ ಹಾರಿಹೋಗುತ್ತದೆ.

ಇಷ್ಟಾದರೂ ಆ ಮಣ್ಣಿಗೆ ಟೊಮೆಟೊ, ಬದನೆ ಹಿಂದಿರುಗಲಿಲ್ಲ. ಬಿಸಿಲು ರೋಗಾಣುವನ್ನು ಕಡಿಮೆ ಮಾಡುತ್ತದೆ, ಪೂರ್ತಿ ತೆಗೆಯುತ್ತದೆಂಬ ಭರವಸೆ ಇಲ್ಲ. ಅದನ್ನು ಬಸಳೆ, ಹರಿವೆ, ಬಳ್ಳಿ ತರಕಾರಿಗಳಿಗೆ ಮೀಸಲಿಟ್ಟು ಚೀಲಕ್ಕೆ ಕೆಂಪು ಬಣ್ಣದ ಪಟ್ಟಿ ಹಚ್ಚಿದರು. ಟೊಮೆಟೊ ಬೇಕೇ ಬೇಕು ಎಂದಾದಾಗ ಹೊಸ ಮಣ್ಣಿನ ನಾಲ್ಕು ಚೀಲ, ಸೊರಗು ರೋಗ ತಡೆಯುವ ಅರ್ಕಾ ರಕ್ಷಕ್ ತಳಿ, ಸೆಪ್ಟೆಂಬರಿನಲ್ಲಿ ಬೀಜ ಹಾಕಿ ಮಳೆ ಇಳಿದ ಅಕ್ಟೋಬರಿನಲ್ಲಿ ನಾಟಿ ಎಂದು ತೀರ್ಮಾನವಾಯಿತು. ಹಾಗೆ ಮಾಡಿದರೆ ಹೂವಿನ ಕಾಲ ಡಿಸೆಂಬರ್–ಜನವರಿಯ ತಣ್ಣನೆ ರಾತ್ರಿಗಳಿಗೆ ಬೀಳುತ್ತದೆ.

ಮೆಣಸಿನ ಸಮಸ್ಯೆ ಮಾತ್ರ ಬಗೆಹರಿಯಲಿಲ್ಲ. ಉಪ್ಪು ತೊಳೆದ ಮೇಲೆ ಎಲೆಯಂಚಿನ ಸುಡು ನಿಂತಿತು, ಆದರೆ ಮೇ ಹೊತ್ತಿಗೆ ಎಲೆ ಮುರುಟು ಶುರುವಾಯಿತು. ಎಲೆ ಮೇಲ್ಮುಖವಾಗಿ ದೋಣಿಯಂತೆ ಮಡಚಿದರೆ ಥ್ರಿಪ್ಸ್ ಎಂಬ ರಸ ಹೀರುವ ಸಣ್ಣ ಕೀಟ, ಕೆಳಮುಖವಾಗಿ ಮಡಚಿ ತೊಟ್ಟು ಉದ್ದವಾದರೆ ಹಳದಿ ನುಸಿ. ಇಲ್ಲಿ ಎರಡೂ ಇದ್ದವು. ಮೂರು ಗಿಡ ಕಿತ್ತರು, ಮೂರನ್ನು ಬುಡದಿಂದ ಒಂದಡಿ ಬಿಟ್ಟು ಸವರಿ, ಹೊಸ ಚಿಗುರಿಗೆ ಗಂಧಕದ ಪುಡಿ ಲೀಟರಿಗೆ 2 ಗ್ರಾಂನಂತೆ ಸಂಜೆ ಸಿಂಪಡಿಸಿದರು. ಗಂಧಕಕ್ಕೆ ನುಸಿ ಬಗ್ಗುತ್ತದೆ, ಥ್ರಿಪ್ಸ್ ಬಗ್ಗುವುದಿಲ್ಲ. ಬಿಸಿಲು ಜೋರಿದ್ದಾಗ ಹೊಡೆದರೆ ಎಲೆಯೇ ಸುಡುತ್ತದೆ, ಆದ್ದರಿಂದ ಮೋಡ ಕವಿದ ದಿನಗಳಿಗೆ ಕಾದು ಎರಡೇ ಬಾರಿ ಸಿಂಪಡಿಸಲಾಯಿತು. ಜೂನ್ ಮಳೆ ಹಿಡಿಯುವ ಮುನ್ನ ಆ ಮೂರು ಚೀಲಗಳನ್ನು ಮಾಡಿನ ಕೆಳಗೆ ಸರಿಸಿದರು. ಎರಡು ಗಿಡ ಚಿಗುರಿದವು, ಒಂದು ಸತ್ತಿತು.